ಎಡಕ್ಕೆ ಬಿದ್ದ ಹೂ

ಅಮ್ಮನ ಗರ್ಭಕೋಶದಲ್ಲಿದ್ದ ಗಡ್ಡೆ ತೆಗೆಯುವ ಆಪರೇಷನ್ ಸೋಮವಾರಕ್ಕೆ ನಿಗದಿಯಾಗಿತ್ತು. ಇನ್ನು ತಡ ಮಾಡಬೇಡಿ ಎಂದು ಡಾಕ್ಟರ್ ನನ್ನೊಬ್ಬಳನ್ನೇ ಪಕ್ಕಕ್ಕೆ ಕರೆದು ಹೇಳಿದ್ದರು. ಶುಕ್ರವಾರ ಬೆಳಿಗ್ಗೆ ಅಮ್ಮ ತಲೆ ಬಾಚಿಕೊಳ್ಳುತ್ತ, "ಮೊದ್ಲು ತಾಯಿನ ಕೇಳ್ಬೇಕು. ಬಲಗಡೆ ಕೊಟ್ರೆ ಬರ್ತೀನಿ, ಇಲ್ಲಾಂದ್ರೆ ಇಲ್ಲ," ಎಂದಳು.

ಗೋವಿಂದರಾಜನಗರದ ನಮ್ಮ ಮನೆಯಿಂದ ಎರಡು ಬೀದಿ ಆಚೆ ದೇವಿಯ ಗುಡಿಯಿದೆ. ಅಲ್ಲಿ ಹೂ ಕೇಳುವ ಪದ್ಧತಿ. ಅರ್ಚಕರು ನೀರಿನಲ್ಲಿ ಅದ್ದಿದ ಹೂಗಳನ್ನು ವಿಗ್ರಹದ ಎರಡೂ ಭುಜಗಳಿಗೆ ಅಂಟಿಸುತ್ತಾರೆ. ಕೇಳಬೇಕಾದ್ದನ್ನು ಮನಸ್ಸಿನಲ್ಲೇ ಕೇಳಿ ಕಾಯಬೇಕು. ಬಲಗಡೆಯ ಹೂ ಮೊದಲು ಬಿದ್ದರೆ ಅಪ್ಪಣೆ, ಎಡಗಡೆಯದು ಬಿದ್ದರೆ ಬೇಡವೆಂದು. ಸೈಟು ಕೊಳ್ಳುವವರು, ಮಗಳಿಗೆ ಗಂಡು ನೋಡುವವರು ಎಲ್ಲರೂ ಅಲ್ಲಿ ಕುಳಿತಿರುತ್ತಾರೆ.

ನನಗೆ ದೇವರಲ್ಲಿ ನಂಬಿಕೆಯಿಲ್ಲ. ಅದು ಹೋದದ್ದೂ ಈ ಗುಡಿಯಿಂದಲೇ. ನಾನು ಹೈಸ್ಕೂಲಿನಲ್ಲಿದ್ದಾಗ ಅಪ್ಪನ ಹೃದಯದ ಆಪರೇಷನ್‌ಗೆ ಮುಂಚೆ ಅಮ್ಮ ಇಲ್ಲಿ ಹೂ ಕೇಳಿ ಬಂದಿದ್ದಳು. ತಾಯಿ ಬಲಗಡೆ ಕೊಟ್ಟಳು ಎಂದು ಹೇಳಿ ಅಪ್ಪನ ಹಣೆಗೆ ಕುಂಕುಮ ಇಟ್ಟಿದ್ದಳು. ಅಪ್ಪ ಆಪರೇಷನ್ ಟೇಬಲ್ಲಿನಿಂದ ಏಳಲಿಲ್ಲ. ನನ್ನ ಮಟ್ಟಿಗೆ ವಿಷಯ ಅಲ್ಲಿಗೆ ಮುಗಿಯಿತು. ಮುಂದೆ ನಾಗರಬಾವಿಯಲ್ಲಿ ಓದುವಾಗ ಗೆಳತಿಯೊಬ್ಬಳು, "ದೇವ್ರಿಲ್ಲ ಅನ್ನೋದೂ ಒಂದು ನಂಬಿಕೇನೇ ಕಣೇ. ನೀನೇ ಒಂದು ಮಠ ಶುರು ಮಾಡು, ನಾನು ಊಟಕ್ಕೆ ಬರ್ತೀನಿ," ಎಂದು ರೇಗಿಸುತ್ತಿದ್ದಳು. ನಾನು ಒಪ್ಪುತ್ತಿರಲಿಲ್ಲ. ನಂಬಿಕೆ ಮನುಷ್ಯರಿಂದ ಏನನ್ನಾದರೂ ಕೇಳುತ್ತದೆ. ನನ್ನದು ನನ್ನಿಂದ ಅದುವರೆಗೆ ಏನನ್ನೂ ಕೇಳಿರಲಿಲ್ಲ.

ಗುಡಿಯಲ್ಲಿ ನಮ್ಮ ಪಕ್ಕ ಕುಳಿತಿದ್ದ ಹೆಂಗಸು, "ಸ್ವಾಮಿ, ಫ್ಯಾನ್ ಆಫ್ ಮಾಡಿ. ಗಾಳಿಗೆ ಬಿದ್ದಿದ್ದು ಲೆಕ್ಕಕ್ಕಿಲ್ಲ," ಎಂದರು.

"ಮಾಡ್ತೀನಮ್ಮ. ಬೆವರೋನು ನಾನು ತಾನೆ," ಎನ್ನುತ್ತ ಅರ್ಚಕರು ಸ್ವಿಚ್ ಒತ್ತಿದರು.

ಯಾವ ಹೂವಿನಲ್ಲಿ ನೀರು ಹೆಚ್ಚಿದೆ, ಯಾವ ಭುಜ ಜಾಸ್ತಿ ಇಳಿಜಾರಾಗಿದೆ ಎಂದು ನೋಡುತ್ತ ಕುಳಿತೆ. ಆದರೂ ಬಲಕ್ಕೆ ಬೀಳಲಿ, ಬಲಕ್ಕೆ ಬೀಳಲಿ ಎಂದು ಒಳಗೊಳಗೇ ಯಾರಿಗೋ ಹೇಳುತ್ತಿದ್ದೆ. ಬಲಕ್ಕೆ ಬಿದ್ದರೆ ಅಮ್ಮ ಆಸ್ಪತ್ರೆಗೆ ಬರುತ್ತಾಳೆ, ಅಷ್ಟಕ್ಕೇ, ಎಂದು ಸಮಾಧಾನ ಮಾಡಿಕೊಂಡೆ.

ಹೂ ಎಡಕ್ಕೆ ಬಿತ್ತು.

ಅಮ್ಮ ಕೈಮುಗಿದು ಎದ್ದಳು. ಚಪ್ಪಲಿ ಬಿಟ್ಟಿದ್ದ ಕಡೆ ಬಂದಾಗ ನಾನು ತಡೆಯಲಾರದೆ, "ಅಪ್ಪಂಗೆ ಬಲಗಡೆ ಕೊಟ್ಟು ಏನಾಯ್ತಮ್ಮ? ಮರ್ತೋಯ್ತಾ?" ಎಂದೆ.

ಅಮ್ಮ ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡು ಹಾಗೇ ನಿಂತಳು. "ಅವತ್ತೂ ಎಡಗಡೇನೇ ಕಣೇ ಬಿದ್ದಿದ್ದು."

"ಮತ್ತೆ ಬಲಗಡೆ ಅಂದೆ?"

"ನಿಮ್ಮಪ್ಪ ಹೆದರ್ಕೊಂಡಿದ್ರು. ಬಲಗಡೆ ಅಂದ್ರೆ ಧೈರ್ಯ ಬರತ್ತೆ ಅಂತ ಹಂಗಂದೆ. ನಾನೇ ಕಳ್ಸಿದೆ."

ಒಂದು ಹೂವಿನಿಂದ ಏನೂ ಸಾಬೀತಾಗುವುದಿಲ್ಲ. ಎರಡು ಹೂವಿನಿಂದಲೂ ಇಲ್ಲ. ಅದು ನನಗೆ ಗೊತ್ತು. ಆದರೆ ಇಷ್ಟು ವರ್ಷ ನನ್ನ ಅಪನಂಬಿಕೆ ನಿಂತಿದ್ದೂ ಒಂದೇ ಹೂವಿನ ಮೇಲೆ, ಅದೂ ಬೀಳದೇ ಇದ್ದ ಹೂವಿನ ಮೇಲೆ. ನಾನು ಸುಮ್ಮನಿದ್ದರೆ ಗಡ್ಡೆ ಬೆಳೆಯುತ್ತದೆ. ಬಾ ಎಂದು ಕರೆದೊಯ್ದು ಅಮ್ಮ ಏಳದೇ ಹೋದರೆ, ಕಳಿಸಿದವಳು ನಾನಾಗುತ್ತೇನೆ. ದೇವರಿಲ್ಲ ಎಂಬ ನನ್ನ ಮಾತು ಮೊದಲ ಬಾರಿಗೆ ನನ್ನಿಂದ ಏನನ್ನೋ ಕೇಳುತ್ತಿತ್ತು. ಅಮ್ಮನನ್ನೇ ಪಣಕ್ಕಿಡು ಎನ್ನುತ್ತಿತ್ತು.

"ಸೋಮವಾರ ಹೋಗೋಣಮ್ಮ," ಎಂದೆ.

"ನಿಂಗೆ ಅಷ್ಟು ಖಾತ್ರೀನಾ?"

"ಖಾತ್ರಿ ಏನಿಲ್ಲ. ಭಯ ಆಗ್ತಿದೆ."

"ದೇವ್ರಿಲ್ಲ ಅನ್ನೋಳಿಗೆ ಏನೇ ಭಯ?"

ಅಮ್ಮ ನನ್ನ ಕೈ ಹಿಡಿದುಕೊಂಡಳು. ಇನ್ನೊಂದು ಕಾಲಿಗೂ ಚಪ್ಪಲಿ ಹಾಕಿಕೊಂಡು, "ಇಷ್ಟು ಭಯ ಪಟ್ಕೊಂಡೂ ಬಾ ಅಂತೀಯಲ್ಲ. ಆಯ್ತು, ಬರ್ತೀನಿ," ಎಂದಳು. "ಆದ್ರೆ ಏನಾದ್ರೂ ಆದ್ರೆ ನೀನು ಕಳ್ಸಿದೆ ಅಂತ ಅಂದ್ಕೋಬೇಡ. ಅಮ್ಮ ತಾನಾಗೇ ಹೋದ್ಲು ಅಂದ್ಕೋ. ನಾನು ಪಟ್ಟ ಸಂಕಟ ನಿಂಗೆ ಬೇಡ."

ಸೋಮವಾರ ಆಪರೇಷನ್ ಥಿಯೇಟರಿನ ಬಾಗಿಲ ಹೊರಗೆ ನಾನು ಪ್ರಾರ್ಥಿಸಲಿಲ್ಲ. ಪ್ರಾರ್ಥಿಸದಿರಲು ಅಷ್ಟೊಂದು ಶಕ್ತಿ ಬೇಕಾಗುತ್ತದೆಂದು ನನಗೆ ಗೊತ್ತಿರಲಿಲ್ಲ.

ಅಮ್ಮ ಎದ್ದಳು. ಈಗ ಚೆನ್ನಾಗಿದ್ದಾಳೆ. ತಾಯಿ ಮನಸ್ಸು ಬದಲಾಯಿಸಿದಳು ಎಂದು ನೆರೆಮನೆಯವರಿಗೆಲ್ಲ ಹೇಳುತ್ತಾಳೆ, ನಾನು ತಿದ್ದಲು ಹೋಗುವುದಿಲ್ಲ. ಅವಳು ಎದ್ದದ್ದರಿಂದ ದೇವರಿಲ್ಲ ಎಂಬ ನನ್ನ ಮಾತು ನಿಜವಾಯಿತೆಂದೂ ನಾನು ತಿಳಿದುಕೊಂಡಿಲ್ಲ. ಏಳದೇ ಹೋಗಿದ್ದರೆ ಇವತ್ತು ನಾನು ಏನನ್ನು ನಂಬುತ್ತಿದ್ದೆ ಎಂದು ಕೆಲವೊಮ್ಮೆ ಯೋಚಿಸಲು ಕೂರುತ್ತೇನೆ. ಉತ್ತರ ಹತ್ತಿರ ಬಂತು ಅನ್ನಿಸಿದ ಕೂಡಲೇ ಎದ್ದು ಅಮ್ಮ ಇರುವ ಕೋಣೆಗೆ ಹೋಗುತ್ತೇನೆ.