ಅಮರಗುಂಡಪ್ಪನವರು ಒಡೆಸಿದ ಏಳು ಕಟ್ಟೆಗಳು

ವೈಶಾಖದ ನಡುಹಗಲಿನಲ್ಲಿಯೂ ತಲೆಗೆ ವಸ್ತ್ರ ಸುತ್ತಿಕೊಳ್ಳದೆ ಲಿಂಗಸುಗೂರಿನ ಕಚೇರಿಯಿಂದ ಸಂತೆ ಬಯಲಿನವರೆಗೆ ನಡೆದು ಹೋಗಬಹುದಾದರೆ, ಅದು ಸಾಲುಮರಗಳ ಜಮಾದಾರರಾದ ಶ್ರೀ ಅಮರಗುಂಡಪ್ಪನವರ ಮೂವತ್ತೊಂದು ವರ್ಷಗಳ ದುಡಿಮೆಯ ಫಲ. ರಸ್ತೆ ಮಾಡಿಸಿದವರ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸುತ್ತೇವೆ; ನೆರಳು ಮಾಡಿದವರನ್ನು ಕೇಳುವವರು ಯಾರು? ನಿಜಾಮ ಸರ್ಕಾರದ ಫಸಲಿ ೧೩೫೩ರ ಈ ವರ್ಷ ಅವರು ವಜೀಫಾ, ಅಂದರೆ ಪಿಂಚಣಿ, ಪಡೆದು ನಿವೃತ್ತರಾಗುತ್ತಿರುವಾಗಲಾದರೂ ಊರು ಬಾಯಿ ಬಿಟ್ಟು ಕೃತಜ್ಞತೆ ಹೇಳಬೇಕು.

ಅವರು ನೌಕರಿಗೆ ಸೇರಿದಾಗ ಪೇಟೆಯಲ್ಲಿ ಜಾಲಿಯ ಹೊರತು ಬೇರೆ ಗಿಡವಿರಲಿಲ್ಲ. ಹಗ್ಗ, ಗೂಟ ಹಿಡಿದು ತಿಂಗಳುಗಟ್ಟಲೆ ಬೀದಿ ಅಳೆದರು. ಬೇರು ಗೋಡೆ ಸೀಳುವುದರಿಂದ ಆಲವನ್ನು ಮನೆಗಳಿಂದ ದೂರವಿಟ್ಟರು. ಪೇಟೆಯ ದಾರಿಗೆ ಬೇವು, ಗಾಡಿ ಬಿಡುವ ಬಯಲಿಗೆ ಹುಣಸೆ, ಮಸ್ಕಿಯ ಹಳ್ಳದ ದಂಡೆಯಿಂದ ಬೀಜ ತಂದು ಕೆರೆಯ ಬದಿಗೆ ಹೊಂಗೆ. ಸಿಂಧನೂರಿನವರೂ ಬಂದು ಇವರ ಸಲಹೆ ಕೇಳಿ ಹೋಗುತ್ತಿದ್ದರು.

ಆದರೆ ಫಸಲಿ ೧೩೪೫ರಲ್ಲಿ ಅವರಿಂದ ಒಂದು ತಪ್ಪಾಯಿತು. ಪ್ರೀತಿಯ ಮರಕ್ಕೆ ಕಟ್ಟೆ ಕಟ್ಟುವುದು ನಮ್ಮ ಸೀಮೆಯ ವಾಡಿಕೆ. ತಾವೇ ನೆಟ್ಟ ಏಳು ಬೇವಿನ ಮರಗಳಿಗೆ ಅವರು ಸೊಂಟದೆತ್ತರದ ಕಲ್ಲುಕಟ್ಟೆ ಕಟ್ಟಿಸಿ ಒಳಗೆಲ್ಲ ಮಣ್ಣು ತುಂಬಿಸಿದರು. ಜನ ಮೆಚ್ಚಿ ಕುಳಿತರು, ನಾಗರಕಲ್ಲು ತಂದಿಟ್ಟರು. ಎರಡನೆಯ ಬೇಸಿಗೆಗೆ ಮರಗಳು ಒಣಗತೊಡಗಿದವು. ನೀರು ಹಾಕುತ್ತಿದ್ದ ಮಾರೆಮ್ಮನೇ ಕೆಲಸಗಳ್ಳಿ ಎಂದು ಜಮಾದಾರರು ಕಚೇರಿಗೆ ಬರೆದರು. ಆಕೆ ಮೌಕೂಫ್ ಆದಳು, ಕೆಲಸ ಹೋಯಿತು.

"ಯಪ್ಪಾ, ನಾ ನೀರಿಗೇನೂ ಕಡಿಮಿ ಮಾಡಿಲ್ರಿ. ಗಿಡಾನ ಕುತ್ತಿಗಿ ಮಟ ಹುಗದೀರಿ, ಅದು ಉಸರ ಹೆಂಗ ಆಡಬೇಕ್ರಿ?" ಎಂದು ಆಕೆ ಅತ್ತಳು. ತಪ್ಪಿಸಿಕೊಳ್ಳುವ ಮಾತೆಂದು ಅವರು ಕಿವಿಗೆ ಹಾಕಿಕೊಳ್ಳಲಿಲ್ಲ.

ಹೊಸಬ ಎರಡರಷ್ಟು ನೀರು ಸುರಿದರೂ ಮರಗಳು ಚೇತರಿಸಿಕೊಳ್ಳಲಿಲ್ಲ. ಮಾರೆಮ್ಮನ ಮಾತು ಅವರನ್ನು ಕೊರೆಯತೊಡಗಿತು. ಒಂದು ಮುಂಜಾನೆ ತಾವೇ ಗುದ್ದಲಿ ಹಿಡಿದು ಒಂದು ಕಟ್ಟೆಯ ಮಣ್ಣು ತೆಗೆದರು. ಹೂತ ಭಾಗದ ತೊಗಟೆ ಕಪ್ಪಾಗಿ ಕೊಳೆತು ಬೆರಳಿಗೆ ಅಂಟಿಕೊಂಡಿತು. ಅಯ್ಯೋ ಶಿವನೇ! ಮಗುವಿನಂತೆ ಸಾಕಿದ ಮರವನ್ನು ಕೊಂದವರು ತಾವೇ. ಬಡವಿಯ ಅನ್ನ ಕಸಿದವರೂ ತಾವೇ.

ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ತಪ್ಪೊಪ್ಪಿಕೊಂಡರೆ ನೌಕರಿಗೇ ಸಂಚಕಾರ. ನಾಗರಕಲ್ಲಿನ ಕಟ್ಟೆ ಒಡೆದರೆ ಊರಿನ ಸಿಟ್ಟು ಬೇರೆ. ಮನೆಯಲ್ಲಿ ಊಟ ಸೇರದೆ ಕುಳಿತವರಿಗೆ ಪತ್ನಿ ಶಿವಬಸಮ್ಮನವರು, "ಬರದು ಕೊಡ್ರಿ. ನೌಕರಿ ಹೋದ್ರ ಹೋಗ್ಲಿ. ಆಕೀ ಮನ್ಯಾಗ ಒಲಿ ಹತ್ತಿಲ್ಲ, ನಮಗ ಹೆಂಗ ತುತ್ತು ಇಳೀತದ?" ಎಂದರು.

ತಪ್ಪು ತಮ್ಮದೇ, ಮಾರೆಮ್ಮ ನಿರಪರಾಧಿ ಎಂದು ಅವರು ಕಚೇರಿಗೆ ಬರೆದರು. ನಾಗರಕಲ್ಲುಗಳನ್ನು ಪೂಜೆ ಮಾಡಿಸಿ ಬೇರೆಡೆ ಇಡಿಸಿ, ಜನರ ಬೈಗುಳ ಕೇಳುತ್ತಲೇ ಏಳೂ ಕಟ್ಟೆಗಳನ್ನು ಒಡೆಸಿದರು. ನಾಲ್ಕು ಮರಗಳು ಉಳಿದವು, ಮೂರು ಹೋದವು. ನೌಕರಿ ಉಳಿಯಿತು, ಬಡ್ತಿ ಹೋಯಿತು. ಅಂದಿನ ಜಮಾದಾರರು ಇಂದೂ ಜಮಾದಾರರಾಗಿಯೇ ನಿವೃತ್ತರಾಗುತ್ತಿದ್ದಾರೆ. ಮಾರೆಮ್ಮ ಕೆಲಸಕ್ಕೆ ಮರಳಿದಳು.

ಅವರ ನಿವೃತ್ತಿಯ ಗೌರವಕ್ಕೆಂದು ತರುತ್ತಿರುವ ಈ ಸಂಪುಟದ ಮಂಡಳಿಯವರು ಆ ಸಂಗತಿಯನ್ನು ಕೈಬಿಡೋಣವೆಂದಾಗ ಅಮರಗುಂಡಪ್ಪನವರು ಒಪ್ಪಲಿಲ್ಲ. "ಅದನ್ನ ಬಿಟ್ಟು ಬರಿಯೂದಾದ್ರ ನನ್ನ ಹೆಸರೂ ಬ್ಯಾಡ್ರಿ. ಮುಂದ ಬರವ್ರು ಮತ್ತ ಕಟ್ಟಿ ಕಟ್ಟಿಸಿ ಗಿಡ ಕೊಂದಾರು" ಎಂದರು.

ಅವರಿಗೆ ದೇವರು ನೂರು ವರ್ಷದ ಆಯುಸ್ಸು, ಗಟ್ಟಿ ಕಾಲು ಕೊಡಲಿ. ಸಾಲಗುಂದದಿಂದ ಮಸ್ಕಿಯವರೆಗೆ ನೆರಳಿಲ್ಲದ ದಾರಿಗಳು ಇನ್ನೂ ಅವರಿಗಾಗಿ ಕಾದಿವೆ. ಅವರ ಬಗ್ಗೆ ನಾಲ್ಕು ಮಾತು ಹೇಳೆಂದು ಮಾರೆಮ್ಮನನ್ನೂ ಕೇಳಿದೆವು. ಆಕೆ, "ತಪ್ಪು ಮಾಡಿದ ಸಾಹೇಬ್ರನ್ನ ಬಾಳ ಮಂದಿ ನೋಡೀನ್ರಿ. ನನ್ನ ಮನೀ ಬಾಗಲಕ್ಕ ಬಂದು 'ನಂದ ತಪ್ಪವ್ವಾ' ಅಂದವ್ರು ಇವರೊಬ್ರ" ಎಂದಳು.