ಗಿರಿಜಾಳ ಸೆಷನ್ನಿನಲ್ಲಿ ‘ನೋ’ ಅಂದವರು

ದೆವ್ವ, ಶಕುನ, ದೃಷ್ಟಿ ಯಾವುದನ್ನೂ ನಾನು ನಂಬಿದವನಲ್ಲ. ಯಂತ್ರ ತಪ್ಪು ಮಾಡಿದರೆ ಅದರ ಹಿಂದೆ ಯಾರೋ ಮನುಷ್ಯ ಇದ್ದೇ ಇರುತ್ತಾನೆ, ಹುಡುಕಿದರೆ ಸಿಗುತ್ತಾನೆ ಎಂದು ಎಲ್ಲರೆದುರು ಜಂಬ ಕೊಚ್ಚುತ್ತಿದ್ದೆ. ಕೆಲವು ವರ್ಷಗಳ ಹಿಂದೆ ಒಂದು ಬೆಳಿಗ್ಗೆ ನಡೆದದ್ದನ್ನು ಹೇಳುತ್ತೇನೆ. ನಂಬಿ ಎಂಬ ಒತ್ತಾಯವೇನಿಲ್ಲ.

ಆಗ ನಾನು ಜೋಗುಪಾಳ್ಯದ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದೆ. ಕಗ್ಗದಾಸಪುರ, ಕಮ್ಮನಹಳ್ಳಿಯ ಶಾಖೆಗಳೂ ಸೇರಿ ಎಲ್ಲರ ಕೆಲಸ ನಡೆಯುತ್ತಿದ್ದದ್ದು ಮಹಡಿಯ ಮೇಲಿನ ಒಂದೇ ಸರ್ವರಿನಲ್ಲಿ. ಒಬ್ಬೊಬ್ಬರಿಗೆ ಒಂದೊಂದು ಸೆಷನ್, ಅಂದರೆ ಸರ್ವರಿನೊಳಗೆ ಅವರವರದೇ ಕೆಲಸದ ಪರದೆ. ಯಾರದಾದರೂ ಕೈಕೊಟ್ಟರೆ ಕೂತಲ್ಲಿಂದಲೇ ಅದನ್ನು ನನ್ನ ಪರದೆಗೆ ಎಳೆದುಕೊಳ್ಳುತ್ತಿದ್ದೆ. ಎಳೆದುಕೊಂಡ ಗಳಿಗೆಯಿಂದ ಅವರ ಪರದೆ ಕಪ್ಪಾಗುತ್ತದೆ, ಅವರು ಏನು ಒತ್ತಿದರೂ ಆ ಸೆಷನ್ನಿಗೆ ತಲುಪುವುದಿಲ್ಲ. ಇದೊಂದನ್ನು ನೆನಪಿಟ್ಟುಕೊಳ್ಳಿ.

ಹನ್ನೊಂದು ಗಂಟೆ ಇರಬೇಕು. ಹೊಸಬರ ಅಭ್ಯಾಸಕ್ಕೆಂದೇ ಇಟ್ಟಿದ್ದ ಸೆಷನ್ನಿನಲ್ಲಿ ಸುಳ್ಳು ರೋಗಿಗಳ ಹೆಸರು ಅಳಿಸುತ್ತಿದ್ದೆ. ಕೆಳಗಿನ ಕೌಂಟರಿನಿಂದ ಗಿರಿಜಾ ಫೋನ್ ಮಾಡಿದಳು. ಯಾದಗಿರಿ ಕಡೆಯವಳು, ವರದಿ ಟೈಪ್ ಮಾಡುವ ಕೆಲಸ.

“ಸರ್, ನಂದು ನಿಂತೇ ಬಿಟ್ಟದ್ರಿ. ಹಲಸೂರ ಆಸ್ಪತ್ರ್ಯಾಗ ಒಬ್ಬಾಕಿಗೆ ಹೆರಿಗಿ ಆಪರೇಷನ್ ಅದ, ಆಕಿ ಗಂಡ ರಿಪೋರ್ಟಿಗಂತ ಇಲ್ಲೇ ನಿಂತಾರ. ಲಗೂನ ನೋಡ್ರಿ.”

ಅವಳ ಸೆಷನ್ ಎಳೆದುಕೊಂಡು ಸರಿಮಾಡಿದೆ. ಆಮೇಲೆ ಅಭ್ಯಾಸದ ಸೆಷನ್ನಿಗೆ ಮರಳಿದೆ ಎಂದೇ ತಿಳಿದೆ. ಮರಳಿರಲಿಲ್ಲ. ಎರಡೂ ನೋಡಲು ಒಂದೇ ಥರ. ನಮ್ಮ ಕಸುಬಿನವರೆಲ್ಲ ಒಮ್ಮೆಯಾದರೂ ಮಾಡುವ ತಪ್ಪು ಅದು. ಅಲ್ಲಿದ್ದ ಹೆಸರನ್ನೆಲ್ಲ ಆರಿಸಿ ಅಳಿಸಲು ಕೊಟ್ಟೆ. ಖಾತ್ರಿಯೇ, ‘ಯೆಸ್’ ಅಥವಾ ‘ನೋ’ ಎಂದು ಪರದೆ ಕೇಳಿತು; ಯಾವುದರ ಸುತ್ತ ಗೆರೆ ಇದೆಯೋ, ಎಂಟರ್ ಒತ್ತಿದರೆ ಅದೇ ಉತ್ತರ. ಎಡಗೈಯಲ್ಲಿ ಇನ್ನೂ ಕಟ್ ಮಾಡದ ಫೋನು, ಬಲಗೈಯ ಒಂದು ಬೆರಳು ಎಂಟರ್ ಮೇಲೆ. ಒತ್ತುವಷ್ಟರಲ್ಲಿ ‘ಯೆಸ್’ ಸುತ್ತ ಇದ್ದ ಗೆರೆ ‘ನೋ’ಗೆ ಹೋಯಿತು. ಏನೂ ಅಳಿಯಲಿಲ್ಲ. ಸಿಟ್ಟು ಬಂದು ಮತ್ತೆ ಕೊಟ್ಟೆ. ಈ ಸಲ ನನ್ನ ಬೆರಳು ಇನ್ನೂ ಗಾಳಿಯಲ್ಲಿದ್ದಾಗಲೇ ಗೆರೆ ‘ನೋ’ಗೆ ಹೋಯಿತು.

ಇದು ಯಾರ ಕಿತಾಪತಿ ಎಂದು ಪರದೆಯ ಮೇಲ್ತುದಿಯಲ್ಲಿದ್ದ ಸೆಷನ್ನಿನ ಹೆಸರು ನೋಡಿದೆ. ಗಿರಿಜಾಳದು! ಬೆಳಗಿನಿಂದ ಟೈಪಾದ ಅಷ್ಟೂ ವರದಿ, ಆಪರೇಷನ್ನಿಗೆ ಕಾದಿದ್ದ ಆ ಹೆಂಗಸಿನದೂ ಸೇರಿ, ಹೋಗಿಬಿಡುತ್ತಿತ್ತು.

“ಗಿರಿಜಾ, ನೀನೇನಾದ್ರೂ ಒತ್ತಿದ್ಯೇನಮ್ಮಾ?”

“ಏನ್ ಒತ್ತಲಿ ಸರ್? ಪರದಿ ಕಪ್ಪಗಾಗ್ಯದ. ನಿಮ್ಮ ಕಡಿನೇ ಅದಲ್ರಿ.”

ಕೆಳಗೆ ಓಡಿಹೋಗಿ ನೋಡಿದೆ. ಕಪ್ಪಗೇ ಇತ್ತು. ಅಲ್ಲೇ ನನ್ನ ಪಾಸ್‌ವರ್ಡ್ ಕೊಟ್ಟು ಸೆಷನ್ ಅವಳಿಗೆ ಬಿಟ್ಟುಕೊಟ್ಟೆ, ವರದಿ ಪ್ರಿಂಟಾಯಿತು.

ಆಮೇಲೆ ಸರ್ವರಿನ ದಾಖಲೆ ತೆಗೆದೆ. ಆ ಹೊತ್ತಿನಲ್ಲಿ ಆ ಸೆಷನ್ನಿನೊಳಗಿದ್ದವನು ನಾನೊಬ್ಬನೇ. “ನಿನ್ನ ಬೆರಳೇ ತಗುಲಿರುತ್ತೆ ಬಿಡು ಗುರು” ಎಂದು ಗೆಳೆಯರು ನಕ್ಕರು. ಅಭ್ಯಾಸದ ಸೆಷನ್ನಿನಲ್ಲಿ ಅದೇ ಕೀಬೋರ್ಡಿನಿಂದ ದಿನಗಟ್ಟಲೆ ಮಾಡಿ ನೋಡಿದೆ. ಗೆರೆ ಒಮ್ಮೆಯೂ ಕದಲಲಿಲ್ಲ. ಹೇಳಿದ್ದನ್ನೆಲ್ಲ ತೆಪ್ಪಗೆ ಅಳಿಸಿತು.

ಆದರೆ ನನ್ನನ್ನು ಹೆಚ್ಚು ಕಾಡುವುದು ಅದಲ್ಲ. ಅವತ್ತು ವರದಿ ಕೈಗೆ ಬಂದ ಕೂಡಲೇ ಆ ಹೆಂಗಸಿನ ಗಂಡ, “ನೀವೇ ಮೇಲಿಂದ ಓಡ್ಬಂದ್ರಲ್ಲ ಸಾರ್, ನಿಮ್ ಉಪಕಾರ ಮರೆಯಲ್ಲ” ಎಂದು ನನ್ನ ಬಲಗೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಎರಡು ಸಲ ಆ ವರದಿಯನ್ನೇ ಅಳಿಸಲು ಹೋಗಿದ್ದ ಕೈ. ಅಲ್ಲ, ನಾನಲ್ಲ ಎನ್ನಲು ಬಾಯಿ ತೆರೆದೆ. ಮತ್ತೆ ಯಾರು ಎಂದು ಅವನು ಕೇಳಿದ್ದರೆ ಹೇಳಲು ನನ್ನ ಬಳಿ ಒಂದು ಹೆಸರೂ ಇರಲಿಲ್ಲ.