ವಧುವಿಗೆ ನಾಲ್ಕು ಜಾಝ್ ಆಲ್ಬಮ್

ಮಂಗಳೂರಿನಲ್ಲಿ ಯಾರ ಮನೆಯಿಂದಲಾದರೂ ಸ್ಯಾಕ್ಸೊಫೋನಿನ ನಾದ ಹೊರಟರೆ, ಕೇಳಿದವರು ಮೊದಲು ಅರಳಿಸುವುದು ಮೂಗನ್ನು, ಕಿವಿಯನ್ನಲ್ಲ. ಬೇರೆ ಊರುಗಳಲ್ಲಿ ಆ ವಾದ್ಯಕ್ಕೆ ಯಾವ ಯೋಗ್ಯತೆಯಿದೆಯೋ ನಾನರಿಯೆ. ನಮ್ಮಲ್ಲಿ ಮಾತ್ರ ಅದು ಎಷ್ಟೋ ವರ್ಷಗಳ ಹಿಂದೆಯೇ ನಾಗಸ್ವರದ ಪಕ್ಕದಲ್ಲಿ ಜಮಖಾನ ಹಾಸಿಕೊಂಡು, ಪಂಚೆಯುಟ್ಟು, ಮಂಗಳವಾದ್ಯವಾಗಿ ಕುಳಿತುಬಿಟ್ಟಿದೆ. ಮದುವೆಯ ಮಂಟಪದಲ್ಲೂ ಅದೇ, ದೇವಸ್ಥಾನದ ಉತ್ಸವದಲ್ಲೂ ಅದೇ. ಹೀಗಾಗಿ ಅದರ ಸ್ವರ ಕಿವಿಗೆ ಬಿದ್ದೊಡನೆ ಊಟದ ಹಾಲ್ ಎತ್ತ ಕಡೆ ಎಂಬ ಜಿಜ್ಞಾಸೆ ಏಳುವುದು ಸಹಜ. ಫಳ್ನೀರಿನ ನಮ್ಮ ಫ್ಲ್ಯಾಟಿನ ಲಿಫ್ಟಿನಲ್ಲಿ, ನಮ್ಮ ಕೆಳಗಿನ ಮನೆಯ ವಿಮಲಕ್ಕ ನನ್ನನ್ನು ಕಂಡಾಗಲೆಲ್ಲ, “ಎಂತ, ನಿಮ್ಮಲ್ಲಿ ಕಾರ್ಯಕ್ರಮ ಉಂಟಾ?” ಎಂದು ಕೇಳುತ್ತಾರೆ. ಅವರ ಮನೆಮಾತು ಕೊಂಕಣಿ, ನಮ್ಮದು ತುಳು. ಲಿಫ್ಟಿಗೆ ಮಾತ್ರ ಕನ್ನಡ. ಕಾರ್ಯಕ್ರಮವೇನಿಲ್ಲ, ಸುಮ್ಮನೆ ಜಾಝ್ ಕೇಳುತ್ತಿದ್ದೆ ಎಂದರೆ ಅವರ ಮುಖದಲ್ಲಿ ಪಾಯಸ ತಪ್ಪಿಹೋದ ಖೇದ. ಆಮೇಲೆ ತಪ್ಪದೆ ಇನ್ನೊಂದು ಮಾತು ಸೇರಿಸುತ್ತಾರೆ: ಸ್ವಲ್ಪ ಕಡಿಮೆ ಇಟ್ಟರೆ ಒಳ್ಳೆಯದಿತ್ತು.

ಈ ‘ಸ್ವಲ್ಪ ಕಡಿಮೆ’ ಎಂಬ ಪದಪುಂಜ ನನ್ನ ಜೀವನಚರಿತ್ರೆಗೆ ಶೀರ್ಷಿಕೆಯಾಗಲು ಎಲ್ಲ ರೀತಿಯಿಂದಲೂ ಅರ್ಹವಾಗಿದೆ. ತವರಿನಲ್ಲಿ ರೇಡಿಯೋ ಹಚ್ಚಿದರೆ ಅಜ್ಜನ ಜಪಕ್ಕೆ ಭಂಗ. ಮದುವೆಯಾಗಿ ಬಂದದ್ದು ಅರ್ಚಕರ ಕುಟುಂಬಕ್ಕೆ, ಅಲ್ಲಿ ಯಾವ ಹೊತ್ತಿಗೂ ಯಾರಾದರೊಬ್ಬರು ಮಂತ್ರ ಹೇಳುತ್ತಲೇ ಇರುತ್ತಿದ್ದರು. ನಗರಕ್ಕೆ ಬಂದು ಬೇರೆ ಮನೆ ಮಾಡಿದ ಮೇಲೆ ಮಗನ ಪರೀಕ್ಷೆಗಳು, ಪರೀಕ್ಷೆಗಳು ಮುಗಿದ ಮೇಲೆ ಯಜಮಾನರ ಟಿವಿ ವಾರ್ತೆ. ಜಗತ್ತಿನ ಸಂಗೀತವೆಲ್ಲ ನನ್ನ ಪಾಲಿಗೆ ಪಿಸುಮಾತಾಗಿಯೇ ಬಂದಿದೆ. ತಮಾಷೆಯೆಂದರೆ ನಾನು ಮೂವತ್ತು ವರ್ಷಕ್ಕೂ ಮಿಕ್ಕಿ ಕಾಲೇಜಿನಲ್ಲಿ ಸಂಸ್ಕೃತ ಬೋಧಿಸಿದವಳು. ಕೊನೆಯ ಬೆಂಚಿನವರೆಗೆ ಮುಟ್ಟುವ ಕಂಠ ನನ್ನದೆಂದು ಪ್ರಿನ್ಸಿಪಾಲರು ಬೀಳ್ಕೊಡುಗೆಯ ಭಾಷಣದಲ್ಲಿ ಹೊಗಳಿದ್ದರು. ಆ ಕಂಠ ಮನೆಯ ಹೊಸ್ತಿಲು ದಾಟಿದೊಡನೆ ಚಪ್ಪಲಿಯಂತೆ ಹೊರಗೇ ಉಳಿಯುತ್ತಿತ್ತು.

ನನಗೆ ಜಾಝ್ ಹತ್ತಿದ್ದು ಹಲ್ಲಿನಿಂದ. ನಿವೃತ್ತಿಯ ಮರುವರ್ಷ ಒಂದು ದವಡೆಹಲ್ಲು ಕೈಕೊಟ್ಟಿತು. ಫಳ್ನೀರಿನ ನಿವಾಸಿಗಳಿಗೆ ಇರುವ ಸೌಭಾಗ್ಯವೆಂದರೆ ಯಾವ ಅಂಗ ಕೆಟ್ಟರೂ ಅದರ ತಜ್ಞರು ನಡೆದುಹೋಗುವಷ್ಟು ಹತ್ತಿರದಲ್ಲಿರುತ್ತಾರೆ. ಆ ದಂತವೈದ್ಯೆ ಎಳೆಯ ಪ್ರಾಯದವಳು. ಹಲ್ಲು ಕೊರೆಯುವ ಸದ್ದಿಗೆ ರೋಗಿಗಳು ಹೆದರದಿರಲೆಂದು ಕೋಣೆಯಲ್ಲಿ ಮೆಲ್ಲಗೆ ಜಾಝ್ ಹಾಕಿಡುತ್ತಿದ್ದಳು. ಬಾಯಿ ತೆರೆದೂ ಮಾತಾಡುವ ಅಧಿಕಾರವಿಲ್ಲದೆ ಮಲಗಿರುವ ಅಧ್ಯಾಪಕಿಗೆ ಕೇಳುವುದೊಂದೇ ಉಳಿದ ವ್ಯಾಪಾರವಷ್ಟೆ. ಕೇಳುತ್ತ ಒಂದು ವಿಚಿತ್ರವನ್ನು ಗಮನಿಸಿದೆ. ಪಿಯಾನೋ ನುಡಿಸುವವನು ಎಲ್ಲಿಗೋ ಹೊರಟು, ಸ್ಪಷ್ಟವಾಗಿ ದಾರಿ ತಪ್ಪಿ, ನಾಚಿಕೆಪಡುವ ಬದಲು ತಪ್ಪಿದ ದಾರಿಯಲ್ಲೇ ಮತ್ತೊಮ್ಮೆ ನಡೆದು, ಹೋಗಬೇಕಾದದ್ದೇ ಇದರಲ್ಲಿ ಎಂದು ಸಾಧಿಸಿಬಿಟ್ಟ. ಜೀವಮಾನವಿಡೀ ವಿದ್ಯಾರ್ಥಿಗಳ ಅಪಪ್ರಯೋಗಗಳಿಗೆ ಕೆಂಪು ಗೆರೆ ಎಳೆದವಳು ನಾನು. ಅಪಪ್ರಯೋಗವನ್ನೇ ಧೈರ್ಯವಾಗಿ ಎರಡನೆಯ ಸಲ ಮಾಡಿದರೆ ಅದು ಪ್ರಯೋಗವಾಗುತ್ತದೆಂದು ನನಗೆ ಯಾವ ವೈಯಾಕರಣನೂ ಹೇಳಿಕೊಟ್ಟಿರಲಿಲ್ಲ. ಹಲ್ಲಿನ ಚಿಕಿತ್ಸೆ ಮುಗಿದಾಗ ನನಗೆ ನಿಜವಾಗಿ ಬೇಸರವಾಯಿತು.

ಅಲ್ಲಿಂದ ಮುಂದಿನದ್ದು ಪತನದ ಕಥೆ ಎಂದು ನಮ್ಮ ಬಂಧುವರ್ಗದ ಅಭಿಪ್ರಾಯ. ಒಳ್ಳೆಯ ಸ್ಪೀಕರ್ ತರಿಸಿದೆ, ಗುಂಡಿ ತಿರುಗಿಸಿ ಸದ್ದು ಏರಿಸುವಂಥದ್ದನ್ನೇ ಹುಡುಕಿ ತರಿಸಿದೆ. ಯಜಮಾನರು ನಾಲ್ಕು ದಿನ ಇದರ ಪಲ್ಲವಿ ಯಾವುದು, ಚರಣ ಯಾವುದು ಎಂದು ಸೌಜನ್ಯದಿಂದ ವಿಚಾರಿಸಿ, ಐದನೆಯ ದಿನದಿಂದ ಕಿವಿಗೆ ಹತ್ತಿಯಿಟ್ಟುಕೊಂಡು ಪತ್ರಿಕೆ ಓದತೊಡಗಿದರು. ಈ ವಯಸ್ಸಿನಲ್ಲಿ ಭಜನೆ ಕೇಳುವುದು ಬಿಟ್ಟು ಇದೆಂಥದ್ದು ಎಂದವರಿಗೆ, ಭಜನೆಯನ್ನು ನಾನು ಇಪ್ಪತ್ತನೆಯ ವಯಸ್ಸಿನಲ್ಲೇ ಕೇಳಿ ಮುಗಿಸಿದ್ದೇನೆ, ಇಪ್ಪತ್ತರಲ್ಲಿ ಕೇಳಬೇಕಾದದ್ದನ್ನು ಈಗ ಕೇಳುತ್ತಿದ್ದೇನೆ, ಲೆಕ್ಕ ಸರಿಹೋಯಿತು ಎಂದೆ. ನನಗೆ ‘ಜಾಝಮ್ಮ’ ಎಂಬ ಬಿರುದು ಬಂತು. ಡಾಕ್ಟರೇಟ್ ಸಿಕ್ಕಿದಾಗಲೂ ನನಗೆ ಇಷ್ಟು ಸಂತೋಷವಾಗಿರಲಿಲ್ಲ.

ಹೀಗಿರುವಾಗ ಒಂದು ಸೋಮವಾರ ಪಾವನಾ ಫೋನ್ ಮಾಡಿದಳು. ಅವಳು ನನ್ನ ಭಾವನ, ಎಂದರೆ ನಮ್ಮ ಯಜಮಾನರ ಅಣ್ಣನ, ಒಬ್ಬಳೇ ಮಗಳು. ಭಾವ ವಾಮಂಜೂರಿನ ಆಚೆ, ಕುಟುಂಬದ ದೇವಸ್ಥಾನದಲ್ಲಿ ಅರ್ಚಕರು. ಮಗಳು ಅಲ್ಲೇ ಸಮೀಪದ ಕಾಲೇಜಿನಲ್ಲಿ ಗಣಿತ ಕಲಿಸುತ್ತಾಳೆ. ಅವಳನ್ನು ನೋಡಲು ಬರುವ ಭಾನುವಾರ ತೊಕ್ಕೊಟ್ಟಿನ ಕಡೆಯ ಹುಡುಗನೊಬ್ಬ ಬರುವವನಿದ್ದ. ದುಬೈಯಲ್ಲಿ ಒಳ್ಳೆಯ ಉದ್ಯೋಗ, ಜಾತಕ ಪ್ರಶಸ್ತವಾಗಿ ಕೂಡಿತ್ತು, ವಾಟ್ಸಾಪಿನಲ್ಲಿ ಬಂದ ವಿವರದಲ್ಲಿ ಗೋತ್ರ, ನಕ್ಷತ್ರ, ಎತ್ತರಗಳ ಕೆಳಗೆ ಹವ್ಯಾಸ: ಜಾಝ್ ಎಂದಿತ್ತು. “ಚಿಕ್ಕಮ್ಮ, ಹೊಸಬರು ಕೇಳುವಂಥದ್ದು ಒಂದು ನಾಲ್ಕು ಆಲ್ಬಮ್ ಹೇಳಿ. ಅವರ ಎದುರು ಪೂರ್ತಿ ಪೆದ್ದಿಯ ಹಾಗೆ ಕೂತ್ಕೊಳ್ಳಿಕ್ಕೆ ಆಗುದಿಲ್ಲ” ಎಂದಳು.

ನನಗೆ ಸಿಟ್ಟು ಬಂತು. ಪರೀಕ್ಷೆಯ ಹಿಂದಿನ ವಾರ ‘ಮುಖ್ಯ ಪ್ರಶ್ನೆಗಳನ್ನು ಮಾತ್ರ ಹೇಳಿ ಮೇಡಂ’ ಎನ್ನುವ ಮಕ್ಕಳನ್ನು ಕಂಡರೆ ಬರುತ್ತಿದ್ದ ಸಿಟ್ಟೇ ಅದು. ಆ ಹುಡುಗ ಇವಳ ಗಣಿತದ ಬಗ್ಗೆ ಯಾವ ಚಿಕ್ಕಪ್ಪನ ಹತ್ತಿರ ಟ್ಯೂಶನ್ ಹೋಗುತ್ತಿದ್ದಾನೆ ಎಂದು ಕೇಳಬೇಕೆನಿಸಿತು. ಆದರೆ ಜಾಝಮ್ಮನ ಬಳಿ ಮೊದಲ ಬಾರಿಗೆ ಒಬ್ಬ ಶಿಷ್ಯೆ ಬಂದಿದ್ದಳು. ಗುರುಗಳ ದೌರ್ಬಲ್ಯ ನಿಮಗೆ ಗೊತ್ತೇ ಇದೆ. ನಿಯಮ ಹಾಕಿ ಒಪ್ಪಿದೆ: ನಾನು ಹೇಳಿದ ಕ್ರಮದಲ್ಲೇ ಕೇಳಬೇಕು, ಕೇಳುವಾಗ ಬೇರೇನೂ ಮಾಡಬಾರದು, ಸದ್ದು ಕಡಿಮೆ ಮಾಡಬಾರದು.

ಓದುಗ ಮಿತ್ರರೇ, ಆ ಆಲ್ಬಮ್‌ಗಳ ಹೆಸರು ಇಲ್ಲಿ ಬರೆಯಲಾರೆ. ಬರೆದರೆ ನೀವು ಫೋನಿನಲ್ಲಿ ಹುಡುಕಿ, ಒಂದು ನಿಮಿಷ ಕೇಳಿ, ‘ಆಯಿತು’ ಎಂದು ಮುಂದಿನದಕ್ಕೆ ಹೋಗುತ್ತೀರಿ. ಜಾತಕವನ್ನಷ್ಟೇ ಕೊಡುತ್ತೇನೆ, ವರನನ್ನು ನೀವೇ ಹುಡುಕಿಕೊಳ್ಳಿ.

ಮೊದಲನೆಯದಾಗಿ ಕೊಟ್ಟದ್ದು ಎಲ್ಲರೂ ಕೊನೆಗೆ ಇಡುವಂಥದ್ದನ್ನು. ಸ್ಯಾಕ್ಸೊಫೋನಿನವನು ಆರಂಭದಲ್ಲಿ ಅರೆಗಳಿಗೆ ಒಂದು ಧಾಟಿ ತೋರಿಸಿ, ಆಮೇಲೆ ಅದನ್ನು ಹಿಡಿದು ಹಿಂಡಿ, ಗಂಟಲು ಹರಿಯುವ ತನಕ ಅದೇ ಪ್ರಶ್ನೆಯನ್ನು ಕೇಳುತ್ತಾನೆ. ಹಿಂದೆ ಡ್ರಮ್ಮಿನವನು ಉತ್ತರ ಕೊಡುವ ಬದಲು ಇನ್ನೂ ಕೇಳು ಎಂದು ಹುರಿದುಂಬಿಸುತ್ತಾನೆ. ಹೊಸಬರಿಗೆ ಇಂಥದ್ದನ್ನು ಕೊಡಬಾರದು, ಮೆತ್ತಗಿನದರಿಂದ ತೊಡಗಬೇಕೆಂದು ಬಲ್ಲವರೆಲ್ಲ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಉತ್ಸವದಲ್ಲಿ ದೇವರ ಬಲಿ ಹೊರಡುವ ದಿನ ಭಾವ ದೇವರ ಮೂರ್ತಿಯನ್ನು ತಲೆಯ ಮೇಲೆ ಹೊತ್ತು ಅಂಗಣದಲ್ಲಿ ಹೆಜ್ಜೆಯಿಡುತ್ತ ಸುತ್ತು ಬರುವಾಗ, ವಾದ್ಯದ ಸುತ್ತಿನಲ್ಲಿ ಸ್ಯಾಕ್ಸೊಫೋನು ಮೇಲೆ ಮೇಲೆ ಏರಿದಂತೆ ಅವರ ಕಾಲೂ ಚುರುಕಾಗುವುದನ್ನು ಪಾವನಾ ತಾಯಿಯ ಸೊಂಟದ ಮೇಲೆ ಕುಳಿತು ನೋಡಿದವಳು. ಚೆಂಡೆಯ ಪಕ್ಕದಲ್ಲೇ ನಿದ್ದೆ ಹೋದ ಮಗು ಅದು. ಅವಳು ಹೊಸಬಳೆಂದು ಯಾರು ಹೇಳಿದ್ದು?

ಆಮೇಲಿನದ್ದು ಒಬ್ಬ ಗಾಯಕಿಯದು. ಕಂಠ ಸಿರಿಯಾಗಿದ್ದ ಕಾಲದಲ್ಲಿ ಹಾಡಿದ್ದಲ್ಲ, ಅದು ಒಡೆದ ಮೇಲೆ ಹಾಡಿದ್ದು. ಮೇಲಿನ ಸ್ವರ ಸಿಗುವುದಿಲ್ಲವೆಂದು ಅವಳಿಗೂ ಗೊತ್ತು, ಜೊತೆಗಾರರಿಗೂ ಗೊತ್ತು. ಆದರೂ ಅಲ್ಲಿಗೆ ಹೋಗಿ, ಸಿಗಲಿಲ್ಲ ನೋಡಿ ಎಂದು ತೋರಿಸಿ, ತಲೆಯೆತ್ತಿಕೊಂಡೇ ಇಳಿದುಬರುತ್ತಾಳೆ. ನಾನು ಅದನ್ನು ಮೊದಲ ಬಾರಿ ಕೇಳಿದ ದಿನ ಅಡಿಗೆ ಮಾಡಲಾಗದೆ ಹೋಟೆಲಿನಿಂದ ತರಿಸಿದೆ. ಮತ್ತೊಂದು ಯಾವುದೋ ಕ್ಲಬ್ಬಿನಲ್ಲಿ ಜನರ ನಡುವೆಯೇ ಧ್ವನಿಮುದ್ರಿಸಿದ್ದು. ಲೋಟದ ಸದ್ದು, ಕೆಮ್ಮು, ನಗು ಎಲ್ಲ ಕೇಳಿಸುತ್ತದೆ. ಇದನ್ನು ಕೊಟ್ಟದ್ದು, ಸಂಗೀತ ಯಾರೋ ಒಂದು ದಿನ ಬೆವರುತ್ತ ಮಾಡಿದ ಕೆಲಸವೆಂದು ಅವಳಿಗೆ ತಿಳಿಯಲಿ ಎಂದು. ಎಲ್ಲಕ್ಕೂ ಕೊನೆಗೆ ಇಟ್ಟದ್ದು ಎಲ್ಲರೂ ಮೊದಲು ಕೊಡುವ ಆ ಮೆತ್ತಗಿನ, ನಿಧಾನದ, ಟ್ರಂಪೆಟ್ಟಿನ ಆಲ್ಬಮ್ಮನ್ನು. ಅದನ್ನೇ ಮೊದಲು ಕೇಳಿದವರಿಗೆ ಅದು ಊದುಬತ್ತಿ. ಉಳಿದ ಮೂರನ್ನು ದಾಟಿ ಬಂದವರಿಗೆ ಮಾತ್ರ, ಆ ಮೆತ್ತಗಿನ ಸ್ವರ ಎಷ್ಟನ್ನು ನುಂಗಿಕೊಂಡಿದೆ ಎಂಬುದು ತಿಳಿದು ಎದೆ ಭಾರವಾಗುತ್ತದೆ.

ಬುಧವಾರ ಅವಳು ಬಸ್ಸಿನಲ್ಲಿ ಮೊದಲನೆಯದನ್ನು ಕೇಳುತ್ತ ಇಳಿಯುವ ಸ್ಟಾಪು ಬಿಟ್ಟು ಮುಂದೆ ಹೋದಳಂತೆ. ಚಂದ ಉಂಟಾ ಇಲ್ಲವಾ ಗೊತ್ತಿಲ್ಲ, ಆದರೆ ನಿಲ್ಲಿಸಲಿಕ್ಕೆ ಆಗಲಿಲ್ಲ ಎಂದಳು. ಪ್ರಥಮ ದರ್ಜೆಗೆ ಅಷ್ಟು ಸಾಕೆಂದು ನಾನು ಮನಸ್ಸಿನಲ್ಲೇ ಅಂಕ ಹಾಕಿದೆ.

ಭಾನುವಾರ ವಾಮಂಜೂರಿನ ಮನೆಗೆ ನಾವೂ ಹೋದೆವು. ಹುಡುಗನಲ್ಲಿ ಹುಳುಕು ಹುಡುಕಲು ನಾನು ಸಿದ್ಧಳಾಗಿಯೇ ಹೋಗಿದ್ದೆ, ಸಿಗಲಿಲ್ಲ. ನಗುಮುಖ, ವಿನಯ, ಗೋಳಿಬಜೆಯನ್ನು ಹೊಗಳಿ ಎರಡನೆಯ ಸಲ ಹಾಕಿಸಿಕೊಂಡ ಸಜ್ಜನಿಕೆ. ಹಿರಿಯರು ಪರಸ್ಪರ ಸಂಬಂಧಿಕರನ್ನು ಪತ್ತೆಹಚ್ಚುವ ಕಾರ್ಯದಲ್ಲಿ ತೊಡಗಿದಾಗ ಇಬ್ಬರನ್ನೂ ಮಾತಾಡಲು ಜಗಲಿಗೆ ಕಳಿಸಿದರು. ಬೀಳ್ಕೊಳ್ಳುವಾಗ ಹುಡುಗನ ತಾಯಿ ಭಾವನವರ ಕಾಲಿಗೆರಗಿದ ರೀತಿ ನೋಡಿ ಎಲ್ಲರೂ ಇದು ಆದಂತೆಯೇ ಎಂದುಕೊಂಡರು. ಅವರ ಕಾರು ಗದ್ದೆಯ ಬದಿಯ ರಸ್ತೆ ದಾಟಿದ ಮೇಲೆ ಪಾವನಾ, ತನಗೆ ಬೇಡ ಎಂದಳು. ಕಾರಣ ಹೇಳಲಿಲ್ಲ. ಕಾರಣ ಹೇಳಿದ್ದು ಅಡಿಗೆಮನೆಯಲ್ಲಿ, ನನ್ನ ಬಳಿ ಮಾತ್ರ.

ಅವನು ಯಾವುದನ್ನು ಕೇಳುತ್ತಾನೆಂದು ಇವಳು ವಿಚಾರಿಸಿದಳಂತೆ. ಆಫೀಸಿನ ಕೆಲಸ ಮಾಡುವಾಗ ಹಿಂದಿನಿಂದ ಹಾಕಿಡುವುದು, ಅದು ಕೇಳಲಿಕ್ಕೆ ಇರುವುದಲ್ಲ, ಮನಸ್ಸಿಗೆ ಒಂದು ರೀತಿ ಆರಾಮ ಎಂದನಂತೆ. ಅದರಲ್ಲೇನೂ ತಪ್ಪಿಲ್ಲ, ನನ್ನ ದಂತವೈದ್ಯೆಯೂ ಅದೇ ಮತದವಳು. ಇವಳು ಉತ್ಸಾಹದಿಂದ ತನ್ನ ಫೋನಿನಲ್ಲಿ ಆ ಮೊದಲನೆಯದನ್ನು ಹಾಕಿದಳು, ಕೇಳುತ್ತ ಕುಳಿತಳು. “ನಾನು ಕೇಳ್ತಾ ಇದ್ದೆ ಚಿಕ್ಕಮ್ಮ. ಅವರು ದುಬೈಯ ಫ್ಲ್ಯಾಟಿನ ವಿಷಯ ಹೇಳ್ತಾ ಹೇಳ್ತಾ ಕೈ ನೀಡಿ ನನ್ನ ಫೋನಿನ ಸೌಂಡ್ ಕಡಿಮೆ ಮಾಡಿದ್ರು. ನನ್ನ ಹತ್ರ ಕೇಳ್ಲಿಲ್ಲ. ಮಾಡಿದ್ದು ಅವರಿಗೆ ಗೊತ್ತೂ ಆಗ್ಲಿಲ್ಲ.”

ಮೂರು ತಲೆಮಾರಿನ ಹೆಂಗಸರು ಗಮನಿಸದೆ ಬಿಟ್ಟ ಒಂದು ಕೈಯನ್ನು ಈ ಹುಡುಗಿ ಜಗಲಿಯಲ್ಲಿ ಕುಳಿತು ಕಂಡುಬಿಟ್ಟಿದ್ದಳು. ನನಗೆ ಅವಳ ಮೇಲೆ ಹೆಮ್ಮೆಯಾಯಿತು, ನನ್ನ ಮೇಲೆ ಮರುಕವಾಯಿತು. ಎರಡನ್ನೂ ಅವಳಿಗೆ ಅಲ್ಲೇ ಹೇಳಿದೆ.

ರಾತ್ರಿ ಮಗಳ ಬಾಯಿಂದ ಕಾರಣ ಹೊರಡಿಸಿಕೊಂಡು, ಮರುದಿನ ಬೆಳಿಗ್ಗೆ ಭಾವ ಫಳ್ನೀರಿಗೆ ಬಂದರು. ಪೂಜೆಯನ್ನು ಬೇರೆಯವರಿಗೆ ಒಪ್ಪಿಸಿ ಬಂದಿದ್ದರೆಂದರೆ ಕೋಪದ ಪ್ರಮಾಣವನ್ನು ನೀವೇ ಊಹಿಸಬಹುದು. ನಾನು ಸ್ಯಾಕ್ಸೊಫೋನ್ ಹಾಕಿಕೊಂಡಿದ್ದೆ, ಅವರು ಬಂದರೆಂದು ನಿಲ್ಲಿಸಲಿಲ್ಲ. ಯಜಮಾನರು ಕಿವಿಯ ಹತ್ತಿ ತೆಗೆದು ಅಣ್ಣನಿಗೆ ಕುರ್ಚಿ ಎಳೆದರು. ಅಷ್ಟು ಒಳ್ಳೆಯ ಸಂಬಂಧ, ಜಾತಕ ಹಾಗೆ ಕೂಡುವುದು ಅಪರೂಪ, ಹುಡುಗಿಗೆ ಪ್ರಾಯವಾಗುತ್ತಾ ಬಂತು, ಅವಳ ತಲೆ ತಿರುಗಿಸಿದ್ದು ನಿನ್ನ ಆ ಸಂಗೀತ ಎಂದು ಸ್ಪೀಕರಿನ ಕಡೆಗೆ ಬೆರಳು ತೋರಿಸಿ ಹೇಳಿದರು. “ಒಂದು ಸೌಂಡಿಗೋಸ್ಕರ ಮದುವೆ ಬೇಡ ಹೇಳುವುದುಂಟಾ? ಸಂಬಂಧ ಮುರಿದದ್ದು ನೀನೇ.”

ಹಿಂದಾಗಿದ್ದರೆ ನಾನು ‘ಹಾಗಲ್ಲ ಭಾವ’ ಎಂದು ತೊಡಗಿ ಕಾಫಿಗೆ ಸಕ್ಕರೆ ಹೆಚ್ಚು ಹಾಕುತ್ತಿದ್ದೆ. ಅಂದು ಹೌದು, ನಾನೇ ಎಂದೆ. ಹೇಳಿಕೊಟ್ಟದ್ದು ನಾನು, ಅವಳು ಕಲಿತದ್ದು ಅವಳ ಜಾಣತನ, ಎರಡಕ್ಕೂ ನನಗೆ ಸಂತೋಷವೇ ಇದೆ ಎಂದೆ. ಕೊನೆಯ ಬೆಂಚಿಗೆ ಮುಟ್ಟುವ ಆ ಕಂಠ ಹೊಸ್ತಿಲು ದಾಟಿ ಒಳಗೆ ಬಂದಿತ್ತು. “ಭಾವ, ನೀವು ದೇವರನ್ನು ಹೊತ್ತು ವಾದ್ಯದ ಸುತ್ತು ಬರ್ತಾ ಇರುವಾಗ ಯಾರಾದ್ರೂ ಬಂದು, ನಿಮ್ಮ ಹತ್ರ ಕೇಳದೆ, ವಾದ್ಯದವರಿಗೆ ಸ್ವಲ್ಪ ಮೆಲ್ಲ ನುಡಿಸಿ ಅಂದ್ರೆ ನೀವು ಎಂತ ಮಾಡ್ತೀರಿ?”

“ಅದು ದೇವರ ಕೆಲಸ. ಅದು ಬೇರೆ, ಇದು ಬೇರೆ” ಎಂದರು ಭಾವ. ಅವರು ಒಪ್ಪಲಿಲ್ಲ. ಒಪ್ಪಿದರೆಂದು ಬರೆದರೆ ಪ್ರಬಂಧಕ್ಕೆ ಒಂದು ಮುಕ್ತಾಯ ಸಿಗುತ್ತಿತ್ತು, ಆದರೆ ನಮ್ಮ ಭಾವನವರ ಪರಿಚಯವಿರುವವರು ನಕ್ಕಾರು. ಕೋಪಕ್ಕೂ ಕಾಫಿಗೂ ಸಂಬಂಧ ಕಲ್ಪಿಸುವ ಪದ್ಧತಿ ನಮ್ಮ ಕುಟುಂಬದಲ್ಲಿ ಇಲ್ಲವಾದ್ದರಿಂದ ಲೋಟ ಬರಿದು ಮಾಡಿ ಎದ್ದುಹೋದರು. ಅವರು ಹೋದ ಎಷ್ಟೋ ಹೊತ್ತಿನ ಮೇಲೆ ನನಗೆ ಹೊಳೆಯಿತು: ಸ್ಯಾಕ್ಸೊಫೋನು ಅಷ್ಟೂ ಹೊತ್ತು ಅವರ ಪಕ್ಕದಲ್ಲೇ ಕೂಗುತ್ತಿತ್ತು, ಗುಂಡಿ ಅವರ ಕೈಗೆ ಸಿಗುವಷ್ಟು ಹತ್ತಿರವಿತ್ತು. ಭಾವ ಅದಕ್ಕಿಂತ ದೊಡ್ಡ ಸ್ವರದಲ್ಲಿ ಬೈದರೇ ಹೊರತು ಅದನ್ನು ಕಡಿಮೆ ಮಾಡಲಿಲ್ಲ.

ಅದರ ಮುಂದಿನ ಭಾನುವಾರ ಪಾವನಾ ನಮ್ಮಲ್ಲಿಗೆ ಬಂದಳು. ಮನೆಯಲ್ಲಿ ಅಪ್ಪ ಇನ್ನೂ ಮಾತು ಬಿಟ್ಟಿದ್ದಾರೆ, ನೆಂಟರೆಲ್ಲ ಫೋನಿನಲ್ಲಿ ಸಂತಾಪ ಸೂಚಿಸುತ್ತಿದ್ದಾರೆ ಎಂದಳು. ಅವಳ ಕಣ್ಣು ಸ್ವಲ್ಪ ಊದಿಕೊಂಡಿತ್ತು; ಬೇಡ ಎಂದವರಿಗೂ ಬೇಸರವಾಗುತ್ತದೆ. ಸಂತಾಪಕ್ಕೆ ತಕ್ಕ ಉತ್ತರವೆಂದು ಇಬ್ಬರೂ ಸೇರಿ ಗೋಡಂಬಿ ಧಾರಾಳವಾಗಿ ಹಾಕಿ ಕಡಲೆಬೇಳೆ ಪಾಯಸ ಮಾಡಿದೆವು, ಸ್ಯಾಕ್ಸೊಫೋನನ್ನು ಯಜಮಾನರ ಹತ್ತಿಯನ್ನೂ ಭೇದಿಸುವಷ್ಟು ಏರಿಸಿದೆವು. ಬಾಗಿಲ ಗಂಟೆ ಹೊಡೆಯಿತು. ವಿಮಲಕ್ಕ. ಈ ಸಲ ನಾದದ ಜೊತೆಗೆ ನಿಜವಾದ ಪರಿಮಳವೂ ಕೆಳಗಿಳಿದಿದ್ದರಿಂದ ಲಿಫ್ಟಿನಲ್ಲಿ ಸಿಗುವ ತನಕ ಕಾಯಲಾಗದೆ ಮೇಲೆಯೇ ಬಂದಿದ್ದರು. “ಎಂತ, ಇವತ್ತಾದ್ರೂ ಕಾರ್ಯಕ್ರಮವಾ? ಯಾರ ಮದುವೆ?”

ನಾನು ಬಾಯಿ ತೆರೆಯುವ ಮೊದಲೇ ಪಾವನಾ ಸೌಟು ಹಿಡಿದುಕೊಂಡೇ ಹೊರಗೆ ಬಂದಳು.

“ಮದುವೆ ಅಲ್ಲ ಆಂಟಿ, ನನ್ನ ಮದುವೆ ಮುರಿದ ಲೆಕ್ಕದಲ್ಲಿ. ಪಾಯಸ ಉಂಟು, ಬನ್ನಿ.”

ವಿಮಲಕ್ಕ ಅವಳ ಮುಖ ನೋಡಿದರು, ನನ್ನ ಮುಖ ನೋಡಿದರು, ಚಪ್ಪಲಿ ಬಿಟ್ಟು ಒಳಗೆ ಬಂದು ಸ್ಪೀಕರಿನ ಎದುರಿನ ಕುರ್ಚಿಯಲ್ಲೇ ಕುಳಿತರು. ತಮ್ಮ ಮನೆಗೆ ದಿನಾ ಬರೇ ಧಡ್ ಧಡ್ ಮಾತ್ರ ಕೇಳಿಸುವುದು, ಮೇಲೆ ಉಳಿದದ್ದು ಎಂತ ನಡೆಯುತ್ತದೆ ಅಂತ ಒಮ್ಮೆ ಸರಿಯಾಗಿ ಕೇಳುವ ಎಂದರು. ಮೊದಲ ಬಾರಿ ಕೇಳುವವರಿಗೆ ಯಾವುದು ಒಳ್ಳೆಯದು ಎಂದು ನಾನು ಗುರುಸ್ಥಾನದಿಂದ ಯೋಚಿಸುತ್ತಿದ್ದಂತೆಯೇ ಪಾವನಾ, ನನ್ನನ್ನು ಕೇಳದೆ, ಆ ಕಷ್ಟದ್ದನ್ನೇ ಹಾಕಿದಳು. ಸದ್ದು ಕಡಿಮೆ ಮಾಡಲು ಯಾರೂ ಏಳಲಿಲ್ಲ.